ಮರಳಿನಲ್ಲಿ ಸಿಕ್ಕ ಚಪ್ಪಟೆ ಹುಳು ಹೊಸ ಪ್ರಭೇದವೇ? ವಿವರಣೆ ಬರೆಯುವ ಮುಂಚೆ ನಿಮ್ಮ ಮಾತು ಬೇಕು

ಮರಳುಗಣ್ಣು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮೊಣಕಾಲುದ್ದ ನೀರಿರುವ ಕಡೆ ತೆಗೆದ ಕಡಲ ಮರಳಿನಲ್ಲಿ ನಮಗೆ ಮ್ಯಾಕ್ರೋಸ್ಟೋಮಮ್ ಕುಲದ ಒಂದು ಚಪ್ಪಟೆ ಹುಳು ಸಿಕ್ಕಿದೆ. ಉದ್ದ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ. ಮೈ ಪೂರ್ತಿ ಪಾರದರ್ಶಕ, ಹೊಟ್ಟೆಯಲ್ಲಿ ಮಾತ್ರ ತಿಂದ ಕಿರುಪಾಚಿಗಳ, ಅಂದರೆ ಡಯಾಟಮ್‌ಗಳ ಕಂದು ಬಣ್ಣ. ತಲೆಯಲ್ಲಿ ಎರಡು ಕಪ್ಪು ಕಣ್ಣು. ಹಿಂದೆ ಅಗಲವಾದ ಬಾಲ, ಅದರ ಅಂಚಿನಲ್ಲಿ ಮರಳಿಗೆ ಅಂಟಿಕೊಳ್ಳುವ ಸಣ್ಣ ಗುಬಟುಗಳು.

ಗಮನ ಸೆಳೆದದ್ದು ಸ್ಟೈಲೆಟ್, ಅಂದರೆ ಗಂಡು ಅಂಗದ ಗಟ್ಟಿ ಭಾಗ. ಸುಮಾರು 60 ಮೈಕ್ರಾನ್ ಉದ್ದದ ಸೂಜಿ. ಬುಡ ಅಗಲ, ಬರುಬರುತ್ತಾ ಕಿರಿದು. ತುದಿಯ ಹತ್ತಿರ ಒಂದು ಕಡೆ ಬಾಗಿ ಓರೆಯಾಗಿ ಮೊನಚಾಗಿದೆ. ಬಾಗುವ ಜಾಗದ ಒಳಗೋಡೆ ಮಾತ್ರ ದಪ್ಪ. ಈ ದಪ್ಪ ಗೋಡೆ ನಾನು ನೋಡಿದ ಯಾವ ಹಳೆಯ ಚಿತ್ರದಲ್ಲೂ ಇಲ್ಲ.

ಆದರೆ ಈ ಕುಲದಲ್ಲಿ ಹೆಸರಿಟ್ಟ ಪ್ರಭೇದಗಳೇ 200ರ ಆಸುಪಾಸು ಇವೆ. ಅವುಗಳಲ್ಲಿ ಎಷ್ಟೋ ಒಂದೇ ಒಂದು ರೇಖಾಚಿತ್ರದ ಮೇಲೆ ನಿಂತಿವೆ. ಹಾಗಾಗಿ ಅವಸರ ಮಾಡುವ ಹಾಗಿಲ್ಲ. ನನ್ನ ಮಟ್ಟಿಗೆ ಒಂದು ವಿಷಯ ಗಟ್ಟಿ: ಈ ಹುಳುವಿನ ವಿವರಣೆ ಜೀವಂತ ಪ್ರಾಣಿಯನ್ನು ನೋಡಿ ಬರೆದದ್ದಾಗಿರಬೇಕು. ಸತ್ತು ಮುದುಡಿದ ಮೇಲೆ ಇದರಲ್ಲಿ ಅರ್ಧ ಸಂಗತಿ ಉಳಿಯುವುದೇ ಇಲ್ಲ. ಉಳಿದದ್ದನ್ನೆಲ್ಲ ಚರ್ಚೆ ಮಾಡೋಣ.

ಉಪ್ಪುನೀರು

ಅಭಿನಂದನೆಗಳು! ನಾನು ಈ ವಿಷಯಕ್ಕೆ ಹೊಸಬ. ಎರಡು ಪ್ರಶ್ನೆ. ಇಷ್ಟು ಮೆತ್ತಗಿನ ಹುಳು ಮರಳಿನ ಕಣಗಳ ನಡುವೆ ಅರೆದು ಹೋಗದೆ ಹೇಗೆ ಬದುಕುತ್ತದೆ? ಮತ್ತೆ ಅದನ್ನು ಮರಳಿನಿಂದ ಬೇರೆ ಮಾಡುವುದು ಹೇಗೆ?

ಮರಳುಗಣ್ಣು

ಒಳ್ಳೆಯ ಪ್ರಶ್ನೆ. ಮರಳಿನ ಕಣಗಳ ನಡುವೆ ನೀರು ತುಂಬಿದ ಸಂದುಗಳಿರುತ್ತವೆ. ಅಲ್ಲಿ ವಾಸಿಸುವ ಕಿರುಜೀವಿಗಳಿಗೆ ಮಿಯೋಫಾನಾ ಅಂತ ಹೆಸರು. ಮಾಲಿ ಮೇರ್ 1942ರಲ್ಲಿ ಕೊಟ್ಟದ್ದು. ಒಂದು ಮಿಲಿಮೀಟರ್ ಜರಡಿಯಲ್ಲಿ ಇಳಿದುಹೋಗಿ, 63 ಮೈಕ್ರಾನ್ ಜರಡಿಯಲ್ಲಿ ನಿಲ್ಲುವವು ಅಂತ ಸುಮಾರಾಗಿ ಲೆಕ್ಕ. ಚಪ್ಪಟೆ ಹುಳುಗಳಿಗೆ ನಾವು ಅದಕ್ಕಿಂತ ಸಣ್ಣ ಬಲೆ ಬಳಸುತ್ತೇವೆ. ಇವು ಮೈ ಹಿಂಡಿಕೊಂಡು 63 ಮೈಕ್ರಾನ್ ಕಣ್ಣಲ್ಲೂ ನುಸುಳಿ ಹೋಗುತ್ತವೆ.

ಅರೆದು ಹೋಗದಿರಲು ಮುಖ್ಯ ಕಾರಣ ಅಂಟು. ಬಾಲದ ಒಂದೊಂದು ಗುಬಟಿನಲ್ಲೂ ಎರಡು ಗ್ರಂಥಿ ಜೊತೆಯಾಗಿ ಕೆಲಸ ಮಾಡುತ್ತವೆ. ಒಂದು ಅಂಟು ಸುರಿಸುತ್ತದೆ, ಇನ್ನೊಂದು ಆ ಅಂಟನ್ನು ಬಿಡಿಸುತ್ತದೆ. ಈ ಜೋಡಿ ವ್ಯವಸ್ಥೆಯನ್ನು ಸೇತ್ ಟೈಲರ್ 1976ರಲ್ಲಿ ವಿವರವಾಗಿ ತೋರಿಸಿದರು. ಅಲೆ ಬಂದಾಗ ಹುಳು ಕಣಕ್ಕೆ ಕಚ್ಚಿಕೊಳ್ಳುತ್ತದೆ, ಕಣ ಉರುಳಿದರೆ ತಾನೂ ಉರುಳುತ್ತದೆ. ಅಲೆ ಹೋದ ಕ್ಷಣ ಬಿಟ್ಟು ಓಡುತ್ತದೆ.

ಬೇರೆ ಮಾಡುವುದೂ ಇದೇ ಅಂಟಿನ ವಿರುದ್ಧದ ಕೆಲಸ. ಮೆಗ್ನೀಸಿಯಂ ಕ್ಲೋರೈಡನ್ನು ಶೇಕಡಾ 7ರ ಆಸುಪಾಸಿನಲ್ಲಿ ಸಿಹಿನೀರಿಗೆ ಹಾಕಿದರೆ ಅದರ ಉಪ್ಪಿನ ಒತ್ತಡ ಕಡಲ ನೀರಿಗೆ ಸಮ ಆಗುತ್ತದೆ. ಮರಳಿಗೆ ಇದನ್ನು ಸುರಿದು ಸುಮಾರು ಹತ್ತು ನಿಮಿಷ ಬಿಟ್ಟರೆ ಹುಳುಗಳು ಅಮಲು ಬಂದ ಹಾಗೆ ಸಡಿಲಾಗುತ್ತವೆ. ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ ಮೇಲಿನ ನೀರನ್ನು ಬಲೆಯ ಮೇಲೆ ಬಸಿಯಬೇಕು. ತಕ್ಷಣ ಶುದ್ಧ ಕಡಲ ನೀರಿಗೆ ಹಾಕಿದರೆ ಮತ್ತೆ ಎಚ್ಚರಾಗಿ ಓಡಾಡುತ್ತವೆ. ಉಹ್ಲಿಗ್ ಅವರ 1964ರ ಇನ್ನೊಂದು ದಾರಿಯೂ ಇದೆ: ಮರಳಿನ ಮೇಲೆ ಕಡಲ ನೀರಿನ ಮಂಜುಗಡ್ಡೆ ಇಟ್ಟು ಕರಗಲು ಬಿಡುವುದು. ತಣ್ಣನೆಯ, ಉಪ್ಪು ಜಾಸ್ತಿಯ ನೀರು ಇಳಿಯುತ್ತಿದ್ದಂತೆ ಪ್ರಾಣಿಗಳು ಅದಕ್ಕೆ ಹೆದರಿ ಕೆಳಗಿನ ಬಟ್ಟಲಿಗೆ ಇಳಿದು ಬರುತ್ತವೆ.

ಪದರ

ಹೊಸಬರಿಗೆ ಒಂದು ಮಾತು ಸೇರಿಸುತ್ತೇನೆ. ತಟ್ಟೆಯಲ್ಲಿ ಜಾರುತ್ತಾ ಹೋಗುವ ಚಪ್ಪಟೆ ಜೀವಿಗಳೆಲ್ಲ ಚಪ್ಪಟೆ ಹುಳುಗಳಲ್ಲ. ತಲೆಯ ಹತ್ತಿರ ಗುಂಡನೆಯ ಕಲ್ಲಿನಂಥ ಚುಕ್ಕೆ ಕಂಡರೆ ಅದು ಸಮತೋಲದ ಅಂಗ. ಮ್ಯಾಕ್ರೋಸ್ಟೋಮಮ್‌ಗೆ ಅದು ಇರುವುದಿಲ್ಲ. ಚುಕ್ಕೆ ಇದ್ದರೆ ಚಪ್ಪಟೆ ಹುಳುಗಳದೇ ಇನ್ನೊಂದು ಗುಂಪಾದ ಪ್ರೋಸೆರಿಯಾಟ ಇರಬಹುದು, ಅಥವಾ ಏಸೀಲ ಇರಬಹುದು. ಏಸೀಲಗಳನ್ನು ಮೊದಲು ಚಪ್ಪಟೆ ಹುಳುಗಳ ಜೊತೆಗೇ ಇಡುತ್ತಿದ್ದರು. ಈಗ ಅವು ಬೇರೆಯದೇ ವಂಶ.

ಸೂಜಿಮೊನೆ

ಮರಳುಗಣ್ಣು ಅವರೇ, ಸ್ಟೈಲೆಟ್ ಚಿತ್ರ ಹಾಕಿದ್ದಕ್ಕೆ ಧನ್ಯವಾದ. ಆದರೆ ಸೂಜಿ ಸ್ಟೈಲೆಟ್ ಕಂಡ ಕೂಡಲೇ ನಾನು ಎಚ್ಚರವಾಗುತ್ತೇನೆ. ಕಾರಣ ಹೇಳುತ್ತೇನೆ.

ಈ ಕುಲದಲ್ಲಿ ಕೂಡುವ ರೀತಿ ಎರಡು. ಒಂದರಲ್ಲಿ ಎರಡು ಹುಳುಗಳು ಒಂದಕ್ಕೊಂದು ಸುತ್ತಿಕೊಂಡು, ಇಬ್ಬರೂ ಒಟ್ಟಿಗೆ ವೀರ್ಯ ಕೊಟ್ಟು ತೆಗೆದುಕೊಳ್ಳುತ್ತವೆ. ಎಲ್ಲವೂ ಉಭಯಲಿಂಗಿಗಳು ತಾನೇ. ಮ್ಯಾಕ್ರೋಸ್ಟೋಮಮ್ ಲಿನ್ಯಾನೊ ಹೀಗೆ. ಅವುಗಳಲ್ಲಿ ಕೂಡಿದ ಮೇಲೆ ಹುಳು ಬಾಗಿ ತನ್ನ ಹೆಣ್ಣು ದ್ವಾರಕ್ಕೇ ಬಾಯಿ ಹಚ್ಚಿ ಹೀರುತ್ತದೆ. ವೀರ್ಯಾಣುಗಳ ಪಕ್ಕದಲ್ಲಿ ಗಟ್ಟಿ ಬಿರುಗೂದಲು ಇರುತ್ತವೆ. ಹೀರಿದಾಗ ಹೊರಗೆ ಬಾರದಂತೆ ಅವು ತಡೆ ಹಾಕುತ್ತವೆ ಅಂತ ಈಗಿನ ತಿಳಿವಳಿಕೆ.

ಇನ್ನೊಂದು ರೀತಿಯಲ್ಲಿ ಸೂಜಿಯನ್ನು ಎದುರಿನ ಹುಳುವಿನ ಮೈಗೇ ಚುಚ್ಚಿ ವೀರ್ಯ ಬಿಡುತ್ತವೆ. ಅಂಥವುಗಳಲ್ಲಿ ಸ್ಟೈಲೆಟ್ ಮೊನಚು, ವೀರ್ಯಾಣು ಬಿರುಗೂದಲಿಲ್ಲದ ಸರಳ ದಾರ, ಹೆಣ್ಣು ಕೋಶ, ಅಂದರೆ ಹೆಣ್ಣು ದ್ವಾರದ ಒಳಗಿನ ಚೀಲ, ತೆಳು. ಈ ಮೂರೂ ಒಟ್ಟಿಗೆ ಬರುತ್ತವೆ ಅಂತ ಶೇರರ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. 2022ರಲ್ಲಿ ಬ್ರಾಂಡ್ ಮತ್ತು ಸಂಗಡಿಗರು 145 ಪ್ರಭೇದಗಳನ್ನು ಇಟ್ಟುಕೊಂಡು ನೋಡಿದರು. ಚುಚ್ಚುವ ರೀತಿ ಈ ಒಂದೇ ಕುಲದಲ್ಲಿ ಕಡಿಮೆ ಎಂದರೂ ಒಂಬತ್ತು ಸಲ ಬೇರೆ ಬೇರೆಯಾಗಿ ಹುಟ್ಟಿದೆ.

ಇದರ ಅರ್ಥ ಏನು ಅಂದರೆ, ನಿಮ್ಮ ಹುಳುವಿನ ಹಾಗೆಯೇ ಕಾಣುವ ಸೂಜಿ ದೂರದ ಬೇರೊಂದು ಕೊಂಬೆಯಲ್ಲೂ ಇರಬಹುದು. ಒಂದೇ ಕೆಲಸ ಮಾಡುವ ಅಂಗ ಒಂದೇ ಆಕಾರಕ್ಕೆ ಬರುತ್ತದೆ. ಹೋಲಿಕೆ ಕಂಡ ಮಾತ್ರಕ್ಕೆ ಹಳೆಯ ಹೆಸರು ಕೊಡಲೂ ಬೇಡಿ, ವ್ಯತ್ಯಾಸ ಕಂಡ ಮಾತ್ರಕ್ಕೆ ಹೊಸ ಹೆಸರು ಕೊಡಲೂ ಬೇಡಿ. ಮೊದಲು ವೀರ್ಯಾಣು ನೋಡಿದ್ದೀರಾ?

ಮರಳುಗಣ್ಣು

ನೋಡಿದೆವು. ಹೇಗೆ ಮಾಡಿದೆವು ಅಂತ ಬಿಡಿಸಿ ಹೇಳುತ್ತೇನೆ, ಬೇರೆಯವರಿಗೂ ಉಪಯೋಗ ಆದೀತು.

ಸ್ಲೈಡ್ ಮೇಲೆ ಒಂದು ಹನಿಯಲ್ಲಿ ಹುಳು. ಕವರ್ ಸ್ಲಿಪ್‌ನ ನಾಲ್ಕು ಮೂಲೆಗೂ ಸಾಸಿವೆಗಿಂತ ಸಣ್ಣ ಪ್ಲಾಸ್ಟಿಸಿನ್ ಉಂಡೆ ಅಂಟಿಸಿ ಮೇಲೆ ಇಟ್ಟೆವು. ಫಿಲ್ಟರ್ ಕಾಗದದ ಚೂಪು ತುದಿಯನ್ನು ಅಂಚಿಗೆ ತಾಗಿಸಿದರೆ ನೀರು ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಹುಳು ಮೊದಲು ಸುತ್ತುತ್ತದೆ, ಆಮೇಲೆ ನಿಧಾನ ಆಗುತ್ತದೆ, ಆಮೇಲೆ ನಿಲ್ಲುತ್ತದೆ. ಆಗ ಒಳಗಿನದೆಲ್ಲ ಒಂದೇ ಮಟ್ಟಕ್ಕೆ ಬಂದು ಕಾಣುತ್ತದೆ: ಮುಂದೆ ಜೋಡಿ ವೃಷಣ, ಅದರ ಹಿಂದೆ ಜೋಡಿ ಅಂಡಾಶಯ, ಬೆಳೆಯುತ್ತಿರುವ ಮೊಟ್ಟೆ, ಬಾಲದ ಬುಡದಲ್ಲಿ ವೀರ್ಯ ತುಂಬಿದ ಚೀಲ, ಅಂದರೆ ವೀರ್ಯ ಕೋಶ. ಆ ಕೋಶ ಆಗಾಗ ಕುಗ್ಗುತ್ತದೆ. ಕುಗ್ಗಿದಾಗ ಒಳಗಿನ ವೀರ್ಯಾಣುಗಳ ಕಟ್ಟು ಒಟ್ಟಾಗಿ ಹೊರಳುತ್ತದೆ. ಸ್ಟೈಲೆಟ್ ಕೂಡ ಸ್ವಲ್ಪ ತಿರುಗುತ್ತದೆ. ಆ ಕ್ಷಣದಲ್ಲೇ ಬಾಗಿದ ತುದಿ ಎರಡು ಕೋನದಲ್ಲಿ ಕಂಡಿತು, ದಪ್ಪ ಗೋಡೆ ನಿಜಕ್ಕೂ ಇದೆ, ಬೆಳಕಿನ ಆಟ ಅಲ್ಲ ಅಂತ ಗೊತ್ತಾಯಿತು.

ಆಮೇಲೆ ಬಾಲದ ತುದಿ ಕತ್ತರಿಸಿ, ವೀರ್ಯ ಕೋಶ ಒಡೆದು, ಎಣ್ಣೆ ಲೆನ್ಸ್‌ನಲ್ಲಿ ನೋಡಿದೆವು. ವೀರ್ಯಾಣುಗಳಲ್ಲಿ ಬಿರುಗೂದಲು ಇಲ್ಲ. ಮೈಯ ಪಕ್ಕದ ಅಂಗಾಂಶದಲ್ಲೂ ಅಲ್ಲಲ್ಲಿ ಬಿಡಿ ವೀರ್ಯಾಣುಗಳಿವೆ. ಅಂದರೆ ಚುಚ್ಚುವ ಜಾತಿಯೇ. ಬಾಲ ಕತ್ತರಿಸಿದ ಹುಳುವನ್ನು ತಟ್ಟೆಗೆ ವಾಪಸ್ ಬಿಟ್ಟಿದ್ದೇವೆ, ಬಾಲ ಚಿಗುರುತ್ತಿದೆ.

ಉಪ್ಪುನೀರು

ಬಾಲ ಮತ್ತೆ ಬೆಳೆಯುತ್ತದಾ! ಸ್ಟೈಲೆಟ್ ಸಮೇತ?

ಸೂಜಿಮೊನೆ

ಹೌದು, ಸ್ಟೈಲೆಟ್ ಸಮೇತ. ಮೈಯಲ್ಲಿ ನಿಯೋಬ್ಲಾಸ್ಟ್ ಅನ್ನುವ ಕಾಂಡಕೋಶಗಳು ಹರಡಿರುತ್ತವೆ, ಹೊಸ ಅಂಗ ಕಟ್ಟುವುದು ಅವೇ. ಆದರೆ ಮೆದುಳು ಹೋದರೆ ಮುಗಿಯಿತು. ಲಿನ್ಯಾನೊದಲ್ಲಿ ಮೆದುಳು ಮತ್ತು ಗಂಟಲು ಇರುವ ತುಂಡು ಮಾತ್ರ ಪೂರ್ತಿ ಹುಳು ಆಗಬಲ್ಲದು. ಹಿಂದಿನ ತುಂಡು ಹೊಸ ತಲೆ ಕಟ್ಟುವುದಿಲ್ಲ.

ಇನ್ನೊಂದು ವಿಚಿತ್ರ ಹೇಳಿಬಿಡುತ್ತೇನೆ. ಮ್ಯಾಕ್ರೋಸ್ಟೋಮಮ್ ಹಿಸ್ಟ್ರಿಕ್ಸ್ ಅನ್ನುವ ಚುಚ್ಚುವ ಪ್ರಭೇದವನ್ನು ಒಂಟಿಯಾಗಿ ಸಾಕಿದರೆ ಅದು ತನ್ನ ತಲೆಯ ಭಾಗಕ್ಕೇ ಚುಚ್ಚಿಕೊಂಡು ತನ್ನ ಮೊಟ್ಟೆಗೆ ತಾನೇ ಫಲ ಕೊಡುತ್ತದೆ ಅಂತ 2015ರಲ್ಲಿ ವರದಿಯಾಯಿತು. ಒಂಟಿ ಹುಳುಗಳಲ್ಲಿ ವೀರ್ಯಾಣು ಬಾಲದ ಕಡೆಗಿಂತ ತಲೆಯ ಕಡೆ ಜಾಸ್ತಿ ಕಂಡವು. ಹಾಗಾಗಿ ಮರಳುಗಣ್ಣು ಅವರೇ, ನಿಮ್ಮ ಹುಳುವಿನಲ್ಲಿ ಆ ಬಿಡಿ ವೀರ್ಯಾಣು ಮೈಯ ಯಾವ ಭಾಗದಲ್ಲಿವೆ, ಒಂಟಿಯಾಗಿಟ್ಟ ಹುಳುವಿನಲ್ಲೋ ಗುಂಪಿನದ್ದರಲ್ಲೋ ಅಂತ ಬರೆದಿಡಿ. ನಾಳೆ ಯಾರಿಗಾದರೂ ಬೇಕಾಗುತ್ತದೆ.

ಪದರ

ಜೀವಂತ ಹುಳು ನೋಡಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅಷ್ಟೇ ಸಾಕು ಅನ್ನುವುದಕ್ಕೆ ಇದೆ. ಕವರ್ ಸ್ಲಿಪ್ ಕೆಳಗೆ ಒತ್ತಿದ ಹುಳು ಅಂದರೆ ಚಪ್ಪಟೆಯಾದ ಚಿತ್ರ. ಯಾವ ನಾಳ ಯಾವುದರ ಮೇಲೆ ಹಾದು ಹೋಗುತ್ತದೆ, ಗ್ರಂಥಿ ಎಲ್ಲಿ ತೆರೆದುಕೊಳ್ಳುತ್ತದೆ, ಹೆಣ್ಣು ಕೋಶದ ಗೋಡೆಯಲ್ಲಿ ಸ್ನಾಯು ಇದೆಯೋ ಇಲ್ಲವೋ, ಇದೆಲ್ಲ ಸೀಳುಗಳಲ್ಲೇ, ಅಂದರೆ ಹುಳುವನ್ನು ತೆಳುವಾಗಿ ಕೊಯ್ದ ಪದರಗಳಲ್ಲೇ ಗೊತ್ತಾಗುವುದು. ಅಂಗಾಂಶ ಕೆಡದಂತೆ ಹಿಡಿದಿಡುವ ಬೂವ್ಯಾಂ ದ್ರಾವಣದಲ್ಲಿ ಇಟ್ಟು, ಮೇಣದಲ್ಲಿ ಕೂರಿಸಿ, 4–5 ಮೈಕ್ರಾನ್ ದಪ್ಪದ ಸಾಲು ಸೀಳು ತೆಗೆದು, ಹೈಡೆನ್‌ಹೈನ್ ಕಬ್ಬಿಣದ ಹಿಮಟಾಕ್ಸಿಲಿನ್ ಬಣ್ಣ ಹಾಕಿ ನೋಡಿ. ಮರಳಿನ ಚಪ್ಪಟೆ ಹುಳುಗಳ ಒಳ್ಳೆಯ ಹಳೆಯ ವಿವರಣೆಗಳಲ್ಲಿ ಬಹುಪಾಲು ಹೀಗೇ ಬಂದವು.

ಸೀಳು ಇಲ್ಲದೆ ಹೆಸರಿಟ್ಟರೆ ಮುಂದೆ ಇನ್ನೊಬ್ಬರು ಪಕ್ಕದ ಪ್ರಭೇದವನ್ನು ಸೀಳಿ ನೋಡಿದಾಗ ಹೋಲಿಸಲು ಏನೂ ಇರುವುದಿಲ್ಲ.

ಬೀಜಾಕ್ಷರ

ನಾನು ಡಿಎನ್‌ಎ ಕಡೆಯವನು. ಸೀಳಿಗೆ ಹೋಗುವ ಹುಳುಗಳಲ್ಲಿ ಅರ್ಧವನ್ನು ನನಗೆ ಕೊಡಿ ಅಂತ ಕೇಳುತ್ತೇನೆ. 18ಎಸ್ ಮತ್ತು 28ಎಸ್ ಜೀನ್‌ಗಳ ಅನುಕ್ರಮ ಸಿಕ್ಕರೆ ಸೂಜಿಮೊನೆಯವರು ಕೇಳಿದ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ: ಈ ಹುಳು ಯಾವ ಕೊಂಬೆಗೆ ಸೇರಿದ್ದು ಅಂತ. ಆಕಾರ ಮೋಸ ಮಾಡುವ ಜಾಗ ಇದೇ ಅಲ್ವಾ.

ಎರಡು ಎಚ್ಚರಿಕೆ. ಬಾರ್‌ಕೋಡ್‌ಗೆ ಎಲ್ಲರೂ ಬಳಸುವ ಸಿಒಐ ಜೀನ್‌ಗೆ ಫೋಲ್ಮರ್ 1994ರಲ್ಲಿ ಕೊಟ್ಟ, ಜೀನ್ ನಕಲು ಶುರು ಮಾಡಿಸುವ ಡಿಎನ್‌ಎ ತುಣುಕುಗಳು, ಅಂದರೆ ಪ್ರೈಮರ್‌ಗಳು ಚಪ್ಪಟೆ ಹುಳುಗಳಲ್ಲಿ ಬಹಳ ಸಲ ಕೆಲಸ ಮಾಡುವುದಿಲ್ಲ. ಬರಲಿಲ್ಲ ಅಂತ ಮಾದರಿಯನ್ನು ಬೈಯಬೇಡಿ, ಪ್ರೈಮರ್ ಬದಲಿಸಿ. ಎರಡನೆಯದು, ಸಿಕ್ಕ ಮೇಲೆ ಅದನ್ನು ಪ್ರೋಟೀನ್ ಭಾಷೆಗೆ ಅನುವಾದಿಸಲು ಜೆನೆಟಿಕ್ ಕೋಡ್‌ನ 9ನೇ ಪಟ್ಟಿ ಬಳಸಿ. ಚಪ್ಪಟೆ ಹುಳುಗಳ ಮೈಟೋಕಾಂಡ್ರಿಯಾದಲ್ಲಿ ಎಎಎ ಅನ್ನುವ ಮೂರಕ್ಷರದ ಸಂಕೇತ ಅಂದರೆ ಲೈಸಿನ್ ಅಲ್ಲ, ಆಸ್ಪರಾಜಿನ್. ಸಾಮಾನ್ಯ ಪಟ್ಟಿ ಹಾಕಿದರೆ ಮಧ್ಯ ಮಧ್ಯ ನಿಲುಗಡೆ ಸಂಕೇತ ಬಂದು, ಒಳ್ಳೆಯ ಅನುಕ್ರಮವನ್ನೇ ಕೆಟ್ಟದ್ದು ಅಂತ ಎಸೆದುಬಿಡುತ್ತೀರಿ.

ನಿಜ ಹೇಳಬೇಕೆಂದರೆ ಅನುಕ್ರಮ ಇದ್ದರೆ ಉಳಿದದ್ದು ಚಿಕ್ಕದಾಗಿದ್ದರೂ ನಡೆಯುತ್ತದೆ ಅನ್ನುವುದು ನನ್ನ ನಿಲುವು. ಹೆಸರಿಲ್ಲದೆ ಬಿದ್ದಿರುವ ಪ್ರಭೇದಗಳು ಅಷ್ಟಿವೆ. ಒಂದೊಂದಕ್ಕೂ ಸೀಳು, ಚಿತ್ರ ಅಂತ ಕೂತರೆ ಯಾವಾಗ ಮುಗಿಯುತ್ತದೆ?

ಮರಳುಗಣ್ಣು

ಬೀಜಾಕ್ಷರ ಅವರೇ, ಇದನ್ನು ಒಪ್ಪಲು ನನಗೆ ಆಗುವುದಿಲ್ಲ. ನಿಯಮದ ಪ್ರಕಾರ ಡಿಎನ್‌ಎ ವ್ಯತ್ಯಾಸವನ್ನು ಮಾತಿನಲ್ಲಿ ಬರೆದರೂ ಹೆಸರು ಸಿಂಧುವಾದೀತು. ಆದರೆ ಮುಂದೆ ಮರಳು ತೊಳೆದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂರುವ ವ್ಯಕ್ತಿಗೆ ಆ ಹೆಸರಿನಿಂದ ಏನು ಸಿಗುತ್ತದೆ? ಅವರ ಎದುರಿಗೆ ಇರುವುದು ಓಡಾಡುವ ಪ್ರಾಣಿ. ಅದರ ಕಣ್ಣು, ಸ್ಟೈಲೆಟ್, ಈಜುವ ರೀತಿ ನೋಡಿ ಗುರುತು ಹಿಡಿಯಲು ಆಗಬೇಕು. ಆಗದಿದ್ದರೆ ಅದು ಪಟ್ಟಿಯಲ್ಲಿ ಒಂದು ಸಾಲು ಅಷ್ಟೇ.

ಪದರ ಅವರ ಮಾತು ಪೂರ್ತಿ ಒಪ್ಪಿಗೆ. ಸೀಳು ಮಾಡುತ್ತೇವೆ.

ಆದರೆ ನನಗೆ ಬೇಕಾದದ್ದು ಒಂದೇ ಹುಳುವಿನಲ್ಲಿ ಎರಡು ಕೆಲಸ. ಮೊದಲು ಜೀವಂತವಾಗಿ ಒತ್ತಿ ಇಡೀ ಮೈ, ಸ್ಟೈಲೆಟ್, ವೀರ್ಯಾಣು ಎಲ್ಲದರ ಫೋಟೊ ಮತ್ತು ವಿಡಿಯೊ. ಆಮೇಲೆ ಕವರ್ ಸ್ಲಿಪ್ ಅಂಚಿಗೆ ಒಂದು ಹನಿ ನೀರು ಬಿಟ್ಟು ಹುಳುವನ್ನು ಎಬ್ಬಿಸಿ ತೆಗೆದು ಆಲ್ಕೊಹಾಲ್‌ಗೆ. ಆಗ ಅನುಕ್ರಮ ಬಂದದ್ದು ಯಾವ ಮುಖದ ಹುಳುವಿನದ್ದು ಅನ್ನುವುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ಲಾಡರ್ನರ್, ಶೇರರ್, ಸಾಲ್ವೆನ್‌ಮೋಸರ್ ಮತ್ತು ರೀಗರ್ 2005ರಲ್ಲಿ ಲಿನ್ಯಾನೊವನ್ನು ವಿವರಿಸಿದಾಗ ಡಿಜಿಟಲ್ ಸೂಕ್ಷ್ಮದರ್ಶನವನ್ನೇ ವಿವರಣೆಯ ಭಾಗ ಮಾಡಿದರು. ಇಟಲಿಯ ಏಡ್ರಿಯಾಟಿಕ್ ಕರಾವಳಿಯ ಆ ಹುಳು ಇವತ್ತು ಕಾಂಡಕೋಶ, ವಯಸ್ಸಾಗುವಿಕೆ, ಅಂಟು ಎಲ್ಲದರ ಅಧ್ಯಯನಕ್ಕೂ ಲ್ಯಾಬ್‌ಗಳಲ್ಲಿ ಬಳಕೆಯಲ್ಲಿದೆ. ವಿವರಣೆ ಗಟ್ಟಿಯಾಗಿದ್ದದ್ದು ಅದಕ್ಕೆ ದೊಡ್ಡ ಆಸರೆ ಅಂತ ನಾನು ನಂಬುತ್ತೇನೆ.

ಬೀಜಾಕ್ಷರ

ಒಂದೇ ಹುಳುವಿನ ಫೋಟೊ ಮತ್ತು ಅನುಕ್ರಮ ಅಂದರೆ ನನಗೂ ಅದೇ ಇಷ್ಟ. ಆಲ್ಕೊಹಾಲ್‌ಗೆ ಹಾಕುವ ಮುಂಚೆ ಒಂದು ದಿನ ಉಪವಾಸ ಇಡಿ. ಇಲ್ಲದಿದ್ದರೆ ಹೊಟ್ಟೆಯ ಡಯಾಟಮ್‌ಗಳ ಡಿಎನ್‌ಎ ಸೇರಿಕೊಳ್ಳುತ್ತದೆ.

ಉಪ್ಪುನೀರು

ಉಪವಾಸ ಅಂದಾಗ ನೆನಪಾಯಿತು. ಉದ್ದವನ್ನು ಹೇಗೆ ನಂಬುವುದು? ಒತ್ತಿದರೆ ಉದ್ದ ಆಗುತ್ತದೆ, ಹೆದರಿದರೆ ಗಿಡ್ಡ ಆಗುತ್ತದೆ.

ಪದರ

ನಂಬಬಾರದು. ಚಪ್ಪಟೆ ಹುಳು ಹಸಿದರೆ ನಿಜವಾಗಿಯೂ ಚಿಕ್ಕದಾಗುತ್ತದೆ, ಕೋಶಗಳೇ ಕಡಿಮೆಯಾಗುತ್ತವೆ. ತಿಂದರೆ ಮತ್ತೆ ಬೆಳೆಯುತ್ತದೆ. ಅದಕ್ಕೇ ಮೈ ಉದ್ದ ಪ್ರಭೇದ ಗುರುತಿಸುವ ಲಕ್ಷಣ ಅಲ್ಲ, ಸುಮ್ನೆ ಒಂದು ಅಂದಾಜು. ಗಟ್ಟಿ ಭಾಗಗಳನ್ನು ಅಳೆಯಿರಿ. ಬಾಯಿ, ರಂಧ್ರಗಳ ಜಾಗವನ್ನು ಮೈ ಉದ್ದ 100 ಅಂತ ಇಟ್ಟುಕೊಂಡು ಅದರ ಎಷ್ಟನೇ ಭಾಗದಲ್ಲಿದೆ ಅಂತ ಬರೆಯಿರಿ. ಪೂರ್ತಿ ಬೆಳೆದ ಹುಳುಗಳನ್ನು ಮಾತ್ರ ತೆಗೆದುಕೊಳ್ಳಿ. ಮರಿಗಳಲ್ಲಿ ಸ್ಟೈಲೆಟ್ ಇರುವುದಿಲ್ಲ, ಅವನ್ನು ನೋಡಿ ಯಾರೂ ಏನೂ ಹೇಳಲು ಆಗುವುದಿಲ್ಲ.

ನಾಮಪಟ್ಟಿ

ನಾನು ಹೆಸರಿನ ನಿಯಮಗಳ ಬಗ್ಗೆ ಮಾತ್ರ ಹೇಳುತ್ತೇನೆ. ಎಲ್ಲ ಸರಿಯಾಗಿ ಮಾಡಿ ಕೊನೆಗೆ ಇಲ್ಲಿ ಎಡವಿದರೆ ಹೆಸರೇ ಸಿಂಧುವಾಗುವುದಿಲ್ಲ.

ಪ್ರಾಣಿನಾಮಗಳ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇದು ಹೊಸ ಪ್ರಭೇದ ಅಂತ ಬಾಯಿಬಿಟ್ಟು ಹೇಳಬೇಕು. ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾಗುವ ಒಂದೇ ಮಾದರಿ, ಯಾವುದು ಅಂತ ಸ್ಪಷ್ಟವಾಗಿ ಗೊತ್ತುಮಾಡಬೇಕು. ಅದನ್ನು ಯಾವ ಸಂಗ್ರಹದಲ್ಲಿ ಇಡುತ್ತೀರಿ ಅಂತ ಬರೆಯಬೇಕು. ಬೇರೆ ಪ್ರಭೇದಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಕೊಡಬೇಕು, ಚಿತ್ರ ಹಾಕಿದರೆ ಸಾಲದು. ಪತ್ರಿಕೆ ಆನ್‌ಲೈನ್ ಮಾತ್ರ ಆಗಿದ್ದರೆ 2012ರ ತಿದ್ದುಪಡಿಯಂತೆ ಪ್ರಕಟಣೆ ಪ್ರಾಣಿನಾಮಗಳ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಆಗಿರಬೇಕು, ಆ ನೋಂದಣಿಯ ಗುರುತು ಪತ್ರಿಕೆಯಲ್ಲೇ ಇರಬೇಕು. ಇದನ್ನು ಮರೆತು ಕೂತ ಹೆಸರುಗಳಿವೆ.

ಹೆಸರು ಇಡುವಾಗ ಲಿಂಗ ನೋಡಿಕೊಳ್ಳಿ. ಮ್ಯಾಕ್ರೋಸ್ಟೋಮಮ್ ನಪುಂಸಕ ಲಿಂಗ. ಊರಿನಿಂದ ವಿಶೇಷಣ ಮಾಡಿದರೆ ಕೊನೆಗೆ ‘ಎನ್ಸೆ’ ಬರಬೇಕು, ‘ಎನ್ಸಿಸ್’ ಅಲ್ಲ. 2020ರಲ್ಲಿ ಬಂದ ಮ್ಯಾಕ್ರೋಸ್ಟೋಮಮ್ ಕ್ಲಿಫ್ಟನೆನ್ಸೆ ಇದಕ್ಕೆ ಒಳ್ಳೆಯ ಉದಾಹರಣೆ. ತಮ್ಮದೇ ಹೆಸರು ಇಟ್ಟುಕೊಳ್ಳಬಾರದು ಅಂತ ನಿಯಮ ಇಲ್ಲ, ಆದರೆ ಯಾರೂ ಹಾಗೆ ಮಾಡುವುದಿಲ್ಲ.

ಮರಳುಗಣ್ಣು

ನಾಮಪಟ್ಟಿ ಅವರೇ, ಹೋಲೋಟೈಪ್ ವಿಷಯದಲ್ಲೇ ನಮ್ಮ ತಂಡದಲ್ಲಿ ಎರಡು ಮಾತಿದೆ. ಎಲ್ಲಕ್ಕಿಂತ ಚೆನ್ನಾಗಿ ಫೋಟೊ ತೆಗೆದ ಹುಳು ಡಿಎನ್‌ಎಗೆ ಹೋಗಿ ಕರಗಿಹೋಗಿದೆ. ಅದರ ಫೋಟೊವನ್ನೇ ಹೋಲೋಟೈಪ್ ಮಾಡೋಣ ಅಂತ ಒಬ್ಬರು. ಸ್ಲೈಡ್ ಮೇಲೆ ಕೂರಿಸಿದ ಇನ್ನೊಂದು ಹುಳು ಇರಲಿ ಅಂತ ನಾನು.

ನಾಮಪಟ್ಟಿ

ಸಂಹಿತೆಯ 73.1.4ನೇ ವಿಧಿ ಪ್ರಕಾರ ಚಿತ್ರವನ್ನು ಹೋಲೋಟೈಪ್ ಅಂತ ಸೂಚಿಸಿದರೆ, ಚಿತ್ರದಲ್ಲಿರುವ ಆ ಪ್ರಾಣಿಯೇ ಹೋಲೋಟೈಪ್. ಪ್ರಾಣಿ ಈಗ ಉಳಿದಿಲ್ಲ ಅನ್ನುವ ಕಾರಣಕ್ಕೆ ಮಾತ್ರ ಅದು ಅಸಿಂಧು ಆಗುವುದಿಲ್ಲ. ಆದರೆ ಇದರ ಬಗ್ಗೆ ಜಗಳ ಜೋರಾಗಿ, 2017ರಲ್ಲಿ ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗ 45ನೇ ಘೋಷಣೆ ಹೊರಡಿಸಿತು. ಮಾದರಿ ಉಳಿಸದೆ ಹೆಸರಿಡುವುದಾದರೆ ಯಾಕೆ ಉಳಿಸಲಾಗಲಿಲ್ಲ ಅಂತ ಕಾರಣ ಕೊಡಿ, ಉಳಿಸಲು ಸಾಧ್ಯವಿದ್ದರೆ ಉಳಿಸಿ ಅನ್ನುವ ಸಲಹೆ ಅದರಲ್ಲಿದೆ. ನಿಮ್ಮ ಹತ್ತಿರ ಬೇರೆ ಹುಳುಗಳಿವೆ. ಆದ್ದರಿಂದ ಕಾರಣ ಕೊಡಲು ಆಗುವುದಿಲ್ಲ. ಸ್ಲೈಡನ್ನೇ ಹೋಲೋಟೈಪ್ ಮಾಡಿ.

ಸೂಜಿಮೊನೆ

ಸ್ಲೈಡ್ ಮಾಡುವ ರೀತಿ ಮುಖ್ಯ. ಲ್ಯಾಕ್ಟೋಫಿನಾಲ್‌ನಲ್ಲಿ ಕೂರಿಸಿದರೆ ಸ್ಟೈಲೆಟ್ ತುಂಬಾ ಸ್ಪಷ್ಟ, ಮೆತ್ತನೆಯ ಅಂಗಗಳು ಮಾತ್ರ ಕರಗಿದ ಹಾಗೆ ಮಾಯ. ಅದಕ್ಕೇ ನಾನು ಹೀಗೆ ಹೇಳುತ್ತೇನೆ: ಹೋಲೋಟೈಪ್ ಆಗುವ ಹುಳುವನ್ನು ಮೊದಲು ಜೀವಂತವಾಗಿ ಪೂರ್ತಿ ಚಿತ್ರೀಕರಿಸಿ, ಬಾಲದ ಚೂರನ್ನು ಡಿಎನ್‌ಎಗೆ ತೆಗೆಯಿರಿ. ಬಾಲ ಮತ್ತು ಸ್ಟೈಲೆಟ್ ಪೂರ್ತಿ ಚಿಗುರುವ ತನಕ ಸಾಕಿ. ಆಮೇಲೆ ಅದೇ ಹುಳುವನ್ನು ಸ್ಲೈಡಿಗೆ ಕೂರಿಸಿ. ಒಂದೇ ಪ್ರಾಣಿಯಲ್ಲಿ ಚಿತ್ರ, ಅನುಕ್ರಮ, ಮಾದರಿ ಮೂರೂ ಸಿಗುತ್ತದೆ. ಸ್ಟೈಲೆಟ್ ಒಮ್ಮೆ ಚಿಗುರಿದ್ದು ಅಂತ ಬರೆಯುವುದನ್ನು ಬಿಡಬೇಡಿ, ಮೊದಲಿನದರ ಅಳತೆಯನ್ನೂ ಕೊಡಿ.

ಮರಳುಗಣ್ಣು

ಇದು ನಮಗೆ ಹೊಳೆದಿರಲಿಲ್ಲ. ಮಾಡಿಯೇ ತೀರುತ್ತೇವೆ!

ಆಳಕಡಲು

ತಡವಾಗಿ ಬಂದೆ. ಹಂಚಿಕೆಯ ಬಗ್ಗೆ ಯಾರೂ ಮಾತಾಡಿಲ್ಲ, ಹಾಗಾಗಿ ಸೇರಿಸುತ್ತೇನೆ.

ಈ ಹುಳುಗಳಿಗೆ ನೀರಿನಲ್ಲಿ ತೇಲಿ ದೂರ ಹೋಗುವ ಮರಿ ಹಂತ ಇಲ್ಲ. ಮೊಟ್ಟೆ ಮರಳಿಗೆ ಅಂಟಿರುತ್ತದೆ. ಲಿನ್ಯಾನೊದಲ್ಲಿ ಸುಮಾರು 5 ದಿನಕ್ಕೆ ಪುಟ್ಟ ಹುಳುವೇ ಹೊರಬರುತ್ತದೆ. ಹಾಗಿದ್ದರೆ ಒಂದೊಂದು ಕಿನಾರೆಗೂ ಬೇರೆ ಪ್ರಭೇದ ಇರಬೇಕಲ್ವಾ? ಆದರೆ ಮಿಯೋಫಾನಾದ ಎಷ್ಟೋ ಹೆಸರುಗಳು ಎರಡು ಮಹಾಸಾಗರಗಳ ಎರಡೂ ದಡದಿಂದ ವರದಿಯಾಗಿವೆ. ಈ ಒಗಟಿಗೆ ಮಿಯೋಫಾನಾ ಪ್ಯಾರಡಾಕ್ಸ್ ಅಂತಾರೆ. ಬಿರುಗಾಳಿಗೆ ಮರಳು ಎದ್ದು, ಕಡಲಕಳೆಗೆ ಅಂಟಿ, ಹಡಗಿನ ಮೂಲಕ ಕೆಲವು ನಿಜಕ್ಕೂ ದೂರ ಹೋಗಿರಬಹುದು. ಇನ್ನು ಎಷ್ಟೋ ಕಡೆ ಒಂದೇ ಹೆಸರಿನ ಕೆಳಗೆ ಹಲವು ಪ್ರಭೇದಗಳು ಅಡಗಿವೆ. ಮೊನೋಸೆಲಿಸ್ ಲಿನಿಯಾಟ ಇದಕ್ಕೆ ಚೆನ್ನಾಗಿ ಗೊತ್ತಿರುವ ಉದಾಹರಣೆ. ಒಂದೇ ಅಂದುಕೊಂಡದ್ದು ಪ್ರಭೇದಗಳ ಗುಂಪು ಅಂತ ಆಮೇಲೆ ತಿಳಿಯಿತು.

ಹಾಗಾಗಿ ನಿಮ್ಮ ಪತ್ರಿಕೆಯಲ್ಲಿ ‘ಈ ಕರಾವಳಿಯಲ್ಲಿ ಮಾತ್ರ ಇದೆ’ ಅಂತ ಬರೆಯಬೇಡಿ. ಸಿಕ್ಕಿದ ಜಾಗ ಬರೆಯಿರಿ, ಅಷ್ಟು ಸಾಕು. ಆದರೆ ಆ ಜಾಗವನ್ನು ಪೂರ್ತಿಯಾಗಿ ಬರೆಯಿರಿ: ಅಕ್ಷಾಂಶ ರೇಖಾಂಶ, ನೀರಿನ ಆಳ, ಉಪ್ಪು, ಕಣದ ಗಾತ್ರ, ಮೇಲಿನಿಂದ ಎಷ್ಟು ಸೆಂಟಿಮೀಟರ್ ಕೆಳಗೆ, ಕಪ್ಪು ಪದರದ ಮೇಲೋ ಕೆಳಗೋ. ಮರಳಿನಲ್ಲಿ ಕೆಲವು ಸೆಂಟಿಮೀಟರ್ ವ್ಯತ್ಯಾಸವೂ ದೊಡ್ಡದು. ಮೇಲೆ ಆಮ್ಲಜನಕ, ಕೆಳಗೆ ಕೊಳೆತ ಮೊಟ್ಟೆ ವಾಸನೆಯ ಸಲ್ಫೈಡ್. ಆ ಗಡಿಯಲ್ಲಿ ಪ್ಯಾರಾಕೆಟೆನುಲ ಅನ್ನುವ ಚಪ್ಪಟೆ ಹುಳು ಇದೆ. ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೈಯೊಳಗಿನ ಬ್ಯಾಕ್ಟೀರಿಯಾ ಸಲ್ಫೈಡ್‌ನಿಂದ ಶಕ್ತಿ ತೆಗೆದು ಅದಕ್ಕೆ ಊಟ ಕೊಡುತ್ತವೆ. ಆ ಬ್ಯಾಕ್ಟೀರಿಯಾಕ್ಕೆ ರೀಗರ್ ಅವರ ನೆನಪಿಗೆ ರೀಗೇರಿಯ ಅಂತ ಹೆಸರಿಟ್ಟಿದ್ದಾರೆ. ಆಳ ಬರೆಯದೆ ಅಂಥ ಹುಳುವನ್ನು ವಿವರಿಸಿದರೆ ಅದರ ಬದುಕಿನ ಮುಖ್ಯ ಸಂಗತಿಯೇ ಬಿಟ್ಟುಹೋದ ಹಾಗೆ.

ಉಪ್ಪುನೀರು

ಬಾಯಿ ಇಲ್ಲದ ಹುಳು! ಇದರ ಮೇಲೆ ಬೇರೆಯೇ ಒಂದು ಚರ್ಚೆ ಶುರು ಮಾಡಿ ದಯವಿಟ್ಟು.

ಮರಳುಗಣ್ಣು

ಆಳಕಡಲು ಅವರೇ, ಜಾಗದ ವಿವರ ಎಲ್ಲ ಬರೆದಿಟ್ಟಿದ್ದೇವೆ. ಮೇಲಿನ ಎರಡು ಸೆಂಟಿಮೀಟರ್‌ನಲ್ಲಿ, ಕಪ್ಪು ಪದರಕ್ಕಿಂತ ಮೇಲೆ ಮಾತ್ರ ಸಿಕ್ಕಿತು.

ಲಕ್ಷಣಗಳ ಕರಡು ಬರೆದಿದ್ದೇನೆ. ತಿದ್ದಿ ಕೊಡಿ:

“ಕಡಲ ಮರಳಿನಲ್ಲಿ ವಾಸಿಸುವ ಮ್ಯಾಕ್ರೋಸ್ಟೋಮಮ್. ವರ್ಣಕ ಇರುವ ಜೋಡಿ ಕಣ್ಣು. ಸ್ಟೈಲೆಟ್ ಕಿರಿದಾಗುತ್ತಾ ಹೋಗುವ ಸೂಜಿ, ಉದ್ದ ಸುಮಾರು 60 ಮೈಕ್ರಾನ್. ತುದಿಯ ಕಾಲು ಭಾಗ ಒಂದೇ ಕಡೆಗೆ ಬಾಗಿದೆ. ಬಾಗಿನ ಒಳಗೋಡೆ ಎದುರು ಗೋಡೆಗಿಂತ ದಪ್ಪ. ತುದಿಯ ರಂಧ್ರ ಓರೆ. ವೀರ್ಯಾಣುವಿನಲ್ಲಿ ಬಿರುಗೂದಲು ಇಲ್ಲ. ಪಡೆದ ವೀರ್ಯಾಣು ಮೈಯ ಪಕ್ಕದ ಅಂಗಾಂಶದಲ್ಲಿ.”

ಸೂಜಿಮೊನೆ

ಚೆನ್ನಾಗಿದೆ. ಮೂರು ತಿದ್ದುಪಡಿ. ‘ಒಂದೇ ಕಡೆಗೆ’ ಅಂದರೆ ಯಾವ ಕಡೆ? ಹುಳುವಿನ ಎಡವೋ ಬಲವೋ, ಬೆನ್ನಿನ ಕಡೆಯಿಂದ ನೋಡಿದಾಗ ಅಂತ ಸೇರಿಸಿ. ಹುಳು ಮಗುಚಿ ಬಿದ್ದಿದ್ದರೆ ಕನ್ನಡಿಯ ಹಾಗೆ ತಿರುಗಿ ಕಾಣುತ್ತದೆ, ಹಳೆಯ ಚಿತ್ರಗಳಲ್ಲಿ ಈ ಗೊಂದಲ ಜಾಸ್ತಿ. ಎರಡನೆಯದು, 60 ಮೈಕ್ರಾನ್ ಬಾಗಿನ ಗುಂಟ ಅಳೆದದ್ದೋ, ಬುಡದಿಂದ ತುದಿಗೆ ನೇರ ಅಳೆದದ್ದೋ? ಎರಡೂ ಕೊಡಿ. ಮೂರನೆಯದು, ಹೆಣ್ಣು ಕೋಶದ ಬಗ್ಗೆ ಒಂದು ಸಾಲೂ ಇಲ್ಲ.

ಹತ್ತಿರದ ಪ್ರಭೇದಗಳ ಜೊತೆ ಹೋಲಿಕೆಯನ್ನು ಲಕ್ಷಣಗಳ ಒಳಗೆ ತುರುಕಬೇಡಿ, ಬೇರೆ ಪ್ಯಾರಾ ಮಾಡಿ. ಅಲ್ಲಿ ಹಳೆಯ ಚಿತ್ರಗಳ ಜೊತೆ ಸಾಲು ಸಾಲಾಗಿ ಹೋಲಿಸಿ. ಓದುವವರು ಮೊದಲು ತೆರೆದು ನೋಡುವುದು ಅದನ್ನೇ.

ಪದರ

ಹೆಣ್ಣು ಕೋಶದ ಸಾಲು ಸೀಳು ಆದ ಮೇಲೆ ಬರೆಯಿರಿ. ಉದ್ದುದ್ದ ಸೀಳು ಒಂದು ಹುಳುವಿನಲ್ಲಿ, ಅಡ್ಡ ಸೀಳು ಇನ್ನೊಂದರಲ್ಲಿ. ಎರಡನ್ನೂ ಪ್ಯಾರಾಟೈಪ್, ಅಂದರೆ ಹೋಲೋಟೈಪ್ ಜೊತೆಗಿನ ಉಳಿದ ಮಾದರಿಗಳು, ಅಂತ ಪಟ್ಟಿ ಮಾಡಿ.

ಬೀಜಾಕ್ಷರ

ಅನುಕ್ರಮಗಳು ಎಲ್ಲರಿಗೂ ತೆರೆದ ಡಿಎನ್‌ಎ ಸಂಗ್ರಹವಾದ ಜೆನ್‌ಬ್ಯಾಂಕ್‌ಗೆ, ಫೋಟೊ ವಿಡಿಯೊ ಸಂಶೋಧನಾ ಕಡತಗಳ ಸಂಗ್ರಹವಾದ ಝೆನೋಡೊಗೆ. ಎರಡು ಕಡೆಯೂ ಹುಳುವಿಗೆ ಒಂದೇ ಗುರುತಿನ ಸಂಖ್ಯೆ ಕೊಡಿ. ಸ್ಲೈಡಿನ ಚೀಟಿಯಲ್ಲೂ ಅದೇ ಸಂಖ್ಯೆ. ಇನ್ನೊಂದು: ಸಾಕಿದ ಹುಳುಗಳಿದ್ದರೆ ವರ್ಣತಂತು ಎಣಿಸಿ. ಲಿನ್ಯಾನೊದಲ್ಲಿ 8, ಮ್ಯಾಕ್ರೋಸ್ಟೋಮಮ್ ಯಾನಿಕೈಯಲ್ಲಿ 10. ಆದರೆ ಲಿನ್ಯಾನೊದಲ್ಲೇ 9 ಮತ್ತು 10 ಇರುವ ಹುಳುಗಳೂ ಕಂಡಿವೆ. ಒಂದೇ ಹುಳುವನ್ನು ಎಣಿಸಿ ಸಂಖ್ಯೆ ಬರೆಯಬೇಡಿ.

ಮರಳುಗಣ್ಣು

ಎಡ ಬಲದ ವಿಷಯ ವಿಡಿಯೊ ನೋಡಿ ಖಚಿತ ಮಾಡಿಕೊಂಡೆ: ಬೆನ್ನಿನ ಕಡೆಯಿಂದ ನೋಡಿದಾಗ ತುದಿ ಹುಳುವಿನ ಎಡಕ್ಕೆ ಬಾಗಿದೆ. ಬಾಯಿ ಕೆಳಮುಖವಾಗಿರುವ ಹುಳುಗಳಲ್ಲಿ ಮಾತ್ರ ನೋಡಿದ್ದೇನೆ. ಉದ್ದವನ್ನು ಎರಡೂ ರೀತಿಯಲ್ಲಿ ಮತ್ತೆ ಅಳೆಯುತ್ತಿದ್ದೇವೆ. ಸೀಳಿಗೆ ಇಡುವ ಹುಳುಗಳು ಬೂವ್ಯಾಂಗೆ ಹೋಗಿವೆ. ಹೋಲೋಟೈಪ್‌ಗೆ ಆರಿಸಿದ ಹುಳುವಿನ ಬಾಲ ಇವತ್ತು ತೆಗೆದೆವು, ಚಿಗುರಿದ ಸ್ಟೈಲೆಟ್‌ನ ಚಿತ್ರ ಬಂದ ಮೇಲೆ ಹಳೆಯದರ ಪಕ್ಕದಲ್ಲಿಟ್ಟು ಇಲ್ಲೇ ಹಾಕುತ್ತೇನೆ. ದಪ್ಪ ಗೋಡೆ ಎರಡನೇ ಸಲವೂ ಅದೇ ಜಾಗದಲ್ಲಿ ಬರುತ್ತದೋ ಇಲ್ಲವೋ ಅಂತ ನೋಡಬೇಕು. ಬಾರದಿದ್ದರೆ ಆ ಲಕ್ಷಣವನ್ನು ಕರಡಿನಿಂದ ತೆಗೆಯುತ್ತೇವೆ.